ಕಿರುನಾಲಿಗೆ ನಡುವಿಗಿರಲಿಲ್ಲ

ಗಂಟಲು ನೋವು ಎಂದು ಬಂದವರನ್ನು ನಮ್ಮ ವಾರ್ಡಿನಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹಾವು ಕಚ್ಚಿದವರು, ಬೈಕಿನಿಂದ ಬಿದ್ದವರು, ಎದೆ ಹಿಡಿದುಕೊಂಡು ಬಂದವರು ಇರುವಾಗ ಟಾನ್ಸಿಲ್ ಯಾವ ಲೆಕ್ಕ? ನಾನೂ ಹಾಗೇ ಅಂದುಕೊಂಡಿದ್ದೆ. ಹೊನ್ನಾಳಿಯ ಹನ್ನೆರಡು ಹಾಸಿಗೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಹಗಲು ಪಾಳಿಯ ನರ್ಸ್. ಅಲ್ಲಿ ಒಂದು ಸೋಮವಾರದಿಂದ ಬುಧವಾರದವರೆಗೆ ನಡೆದದ್ದನ್ನು ಬರೆಯುತ್ತಿದ್ದೇನೆ. ಯಾರ ಮೇಲೂ ದೂರು ಹೇಳುವುದಕ್ಕಲ್ಲ. ದೂರು ಇದ್ದರೆ ಅದರ ಹೆಚ್ಚಿನ ಪಾಲು ನನ್ನ ಮೇಲೇ ಇದೆ.

ಸೋಮವಾರ ಹತ್ತು ಗಂಟೆಗೆ ಬಂದವಳು ಒಬ್ಬ ಬಾಣಂತಿ. ಇಪ್ಪತ್ತೊಂದು ವರ್ಷ, ಕೂಸಿಗೆ ಎರಡು ತಿಂಗಳು. ಚೊಚ್ಚಲ ಹೆರಿಗೆಗೆಂದು ಗೋವಿನಕೋವಿ ಕಡೆಯ ತವರಿಗೆ ಬಂದವಳು ಇನ್ನೂ ಅಲ್ಲೇ ಇದ್ದಳು. ಜೊತೆಗೆ ಅವಳ ತಾಯಿ, ತಾಯಿಯ ತೋಳಿನಲ್ಲಿ ಕೂಸು. ಬಾಣಂತಿಯ ತಲೆಗೆ ಉಣ್ಣೆಯ ಸ್ಕಾರ್ಫ್ ಬಿಗಿದು ಗದ್ದದ ಕೆಳಗೆ ಗಂಟು ಹಾಕಿದ್ದರು, ಎರಡೂ ಕಿವಿಯಲ್ಲಿ ಹತ್ತಿ. ನಮ್ಮ ಕಡೆ ಬಾಣಂತಿಯರೆಲ್ಲ ಇರುವುದೇ ಹಾಗೆ. ಹಾಗಾಗಿ ಆ ಸ್ಕಾರ್ಫು ನನಗೆ ಕಂಡರೂ ಕಾಣಲಿಲ್ಲ.

ಜ್ವರ ನೂರ ಮೂರು. ಡಾಕ್ಟರು ಬಾಯಿ ತೆಗೆಸಿ ನೋಡಿದರು. ಎರಡೂ ಟಾನ್ಸಿಲ್ ಕೆಂಪಾಗಿ ಊದಿ, ಮೇಲೆ ಬಿಳಿ ಚುಕ್ಕೆಗಳು. ಕೈಗೆ ಸೂಜಿ ಹಾಕಿ ಡ್ರಿಪ್ ಹಚ್ಚಿದೆವು. ದಿನಕ್ಕೆ ಎರಡು ಹೊತ್ತು ಆ್ಯಂಟಿಬಯೋಟಿಕ್ ಇಂಜೆಕ್ಷನ್, ನೋವಿಗೆ ಪ್ಯಾರಾಸಿಟಮಾಲ್ ಮಾತ್ರೆ, ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಡಾಕ್ಟರು ಹೋಗುವಾಗ ನನಗೆ ಹೇಳಿದರು: "ಬಾಯಿಂದ ಎಷ್ಟು ಹೋಗುತ್ತೆ ಅಂತ ಬರೆದಿಡಿ. ನೀರು ಇಳಿದ್ರೆ ಮಾತ್ರ ಹಾಲು ಬರೋದು. ಕೂಸು ಕಂಗಾಲಾಗಿದೆ."

ಕೂಸು ನಿಜವಾಗಿಯೂ ಕಂಗಾಲಾಗಿತ್ತು. ಚೀಪಿ ಚೀಪಿ ಬಿಟ್ಟು ಅಳುತ್ತಿತ್ತು. ಎರಡು ದಿನದಿಂದ ಬಾಣಂತಿಯ ಹೊಟ್ಟೆಗೆ ಏನೂ ಹೋಗಿರಲಿಲ್ಲ.

"ಯಾಕಮ್ಮ, ಒಂದು ಗುಟುಕೂ ಕುಡಿಯೋಕಾಗಲ್ವಾ?" ಎಂದೆ.

ಅವಳು ಗಂಟಲ ಮೇಲೆ ಕೈ ಇಟ್ಟು ನಿಧಾನಕ್ಕೆ ಹೇಳಿದಳು: "ಉಗುಳು ನುಂಗಿದ್ರೂ ಜಾಲಿಮುಳ್ಳು ನುಂಗಿದಂಗೆ ಆಗ್ತೈತೆ, ಸಿಸ್ಟರ್. ಇಲ್ಲಿಂದ ಕಿವೀಗೆ ಚುಚ್ತೈತೆ."

ಮಧ್ಯಾಹ್ನ ಊಟದ ಹೊತ್ತಿಗೆ ಮೊದಲ ಜಗಳ. ತಾಯಿ ಫ್ಲಾಸ್ಕಿನಿಂದ ಲೋಟಕ್ಕೆ ಏನೋ ಸುರಿಯುತ್ತಿದ್ದರು. ಬಾಗಿಲಲ್ಲೇ ನನಗೆ ಘಾಟು ಬಡಿಯಿತು.

"ಏನ್ರಿ ಅದು?"

"ಮೆಣಸಿನ ಸಾರು. ಬೆಳ್ಳುಳ್ಳಿ ಜಜ್ಜಿ ಹಾಕೀನಿ."

"ಗಂಟಲು ಹುಣ್ಣಾಗಿದೆ ಅಂತ ಈಗ ತಾನೇ ಡಾಕ್ಟರು ಹೇಳಿದ್ರಲ್ಲ. ಮೆಣಸು ಹೋದ್ರೆ ಉರಿಯಲ್ವಾ? ತಣ್ಣಗಿನ ಗಂಜಿ ಕೊಡಿ, ನೀರು ಕೊಡಿ, ಎಳನೀರು ಕೊಡಿ."

"ಬಾಣಂತಿಗೆ ತಣ್ಣಗಿಂದಾ?" ಅವರು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದರು. "ನಾಳೆ ಕೂಸಿಗೆ ಶೀತ ಆಗಿ ಎದೆ ಕಟ್ಟಿದ್ರೆ ನೀವು ಬರ್ತೀರೇನು ನಮ್ಮನಿಗೆ? ದಿನಕ್ಕೆ ಎರಡು ಲೋಟ ಕಾದ ನೀರು ಕೊಡ್ತೀವಿ. ನಾನೂ ಹಂಗೇ ಬಾಣಂತನ ಮಾಡಿಸ್ಕಂಡೋಳು."

ದಿನಕ್ಕೆ ಎರಡು ಲೋಟ. ನೂರ ಮೂರು ಜ್ವರ ಇರುವ, ಕೂಸಿಗೆ ಹಾಲೂಡಿಸುವ ಹೆಂಗಸಿಗೆ. ಸಿಟ್ಟು ಬಂದಾಗ ನನ್ನ ಬಾಯಲ್ಲೂ ನಮ್ಮ ಚನ್ನಗಿರಿ ಕಡೆಯ ಹಳ್ಳಿ ಮಾತು ಬಂದುಬಿಡುತ್ತದೆ. "ಎರಡು ಲೋಟ ನೀರಾಗೆ ಹಾಲು ಎಲ್ಲಿಂದ ಬರಾಕೆ ಸಾಧ್ಯ ಐತ್ರಿ?" ಎಂದೆ. ಪಕ್ಕದ ಹಾಸಿಗೆಯವರು ನಕ್ಕರು. ತಾಯಿ ನಗಲಿಲ್ಲ. ಕೊನೆಗೆ ರಾಜಿಯಾಯಿತು: ಕಾಯಿಸಿ ಆರಿಸಿದ ನೀರು, ಉಗುರು ಬೆಚ್ಚಗಿನ ತಿಳಿ ಗಂಜಿ, ಮೆಣಸು ಬೇಡ. ಗಂಟೆಗೊಂದು ಸಲ ಸ್ವಲ್ಪ ಸ್ವಲ್ಪ.

ಮಂಚದ ಕಾಲಬದಿಗೆ ಚಾರ್ಟ್ ನೇತುಹಾಕಿದೆ. ಒಂದು ಕಡೆ ಬಾಯಿಂದ ಹೋದದ್ದು, ಇನ್ನೊಂದು ಕಡೆ ಮೂತ್ರ, ಕೊನೆಗೆ ಸಹಿ. ಹನ್ನೆರಡು ಹಾಸಿಗೆಗೆ ಹಗಲು ಇರುವವರು ಇಬ್ಬರೇ, ನಾನು ಮತ್ತು ಇನ್‌ಚಾರ್ಜ್ ಸಿಸ್ಟರ್. ಪ್ರತಿ ರೋಗಿಯ ಪ್ರತಿ ಗುಟುಕನ್ನು ಯಾರು ಕೂತು ನೋಡುತ್ತಾರೆ? ಹಾದು ಹೋಗುವಾಗ ಜೊತೆಗಿದ್ದವರನ್ನು ಕೇಳುತ್ತೇವೆ, ಅವರು ಒಂದು ಲೋಟ ಎನ್ನುತ್ತಾರೆ, ನಾವು ಇನ್ನೂರು ಎಂಎಲ್ ಎಂದು ಬರೆಯುತ್ತೇವೆ. ಎಲ್ಲರೂ ಮಾಡುವುದು ಹೀಗೇ. ನಾನೂ ಹಾಗೇ ಮಾಡಿದೆ. ಮೂತ್ರದ ಸಾಲನ್ನಂತೂ, ಎದ್ದು ಓಡಾಡುವ ರೋಗಿ ಎಂದು, ಖಾಲಿ ಬಿಟ್ಟೆ.

ಮಂಗಳವಾರ ಬೆಳಗ್ಗೆ ಹೊದಿಕೆ ಬದಲಾಯಿಸುವಾಗ ದಿಂಬಿನ ಕೆಳಗೆ ಎರಡು ಮಾತ್ರೆ ಸಿಕ್ಕವು. ಅರ್ಧ ಕರಗಿ ಬಟ್ಟೆಗೆ ಅಂಟಿದ್ದವು. ಬಾಯಿಗೆ ಹಾಕಿಕೊಂಡು, ನಾವು ತಿರುಗಿದ ಮೇಲೆ ಉಗಿದಿದ್ದಳು.

"ಹಿಂಗೆ ಮಾಡಿದ್ರೆ ನೋವು ಹೆಂಗೆ ಹೋಗುತ್ತೆ ತಂಗಿ?" ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು.

ನಿಜ ಹೇಳಬೇಕೆಂದರೆ ತಪ್ಪು ಅವಳದಲ್ಲ. ಉಗುಳು ನುಂಗಲಾಗದವಳಿಗೆ ಅಷ್ಟು ದಪ್ಪದ ಮಾತ್ರೆ ಕೊಟ್ಟವರು ನಾವು. ಡಾಕ್ಟರಿಗೆ ಹೇಳಿ ಅದನ್ನು ಡ್ರಿಪ್ಪಿನಲ್ಲಿ ಕೊಡುವಂತೆ ಬದಲಾಯಿಸಿಕೊಂಡೆ. ಕಾಲೇಜಿನಲ್ಲಿ ಕಲಿತದ್ದು ನೆನಪಿತ್ತು: ನೋವಿನ ಔಷಧಿ ಮೊದಲು, ಅರ್ಧ ಗಂಟೆ ಬಿಟ್ಟು ಊಟ. ಹತ್ತು ಗಂಟೆಗೆ ಔಷಧಿ ಹೋಯಿತು. ಹತ್ತೂವರೆಗೆ ಅವಳನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಚಮಚದಲ್ಲಿ ಗಂಜಿ ಕೊಟ್ಟೆ. ಎಂಟು ಚಮಚ ಇಳಿಯಿತು. ಪ್ರತಿ ಚಮಚಕ್ಕೂ ಹುಬ್ಬು ಗಂಟಿಕ್ಕುತ್ತಿದ್ದಳು, ಆದರೂ ನುಂಗಿದಳು.

"ನೋಡಿದ್ರಾ? ಹೀಗೇ ಕೊಡ್ತಾ ಇರಿ" ಎಂದು ತಾಯಿಯ ಕೈಗೆ ಚಮಚ ಕೊಟ್ಟು ಎದ್ದೆ. ಏಳಬಾರದಿತ್ತು.

ಅಂದು ಮಧ್ಯಾಹ್ನ ಅಜ್ಜಿ ಬಂದಳು. ತಾಯಿಯ ತಾಯಿ. ಜಗಳೂರು ಕಡೆಯ ಹಟ್ಟಿಯವಳು, ಮನೆಯಲ್ಲಿ ಈಗಲೂ ಕುರಿ ಇವೆ. ಮೊಮ್ಮಗಳಿಗೆ ಹುಷಾರಿಲ್ಲ ಎಂದು ಕೇಳಿ ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿಕೊಂಡು ಒಬ್ಬಳೇ ಬಂದಿದ್ದಳು. ಬಂದವಳೇ ಲೋಟದ ತಳ ನೋಡಿ ಮಗಳನ್ನು ಕೇಳಿದಳು: "ಇಷ್ಟೇ ಏನೇ ನೀರು?"

"ಬಾಣಂತಿ ಅಲ್ಲೇನವ್ವ, ಸಾಕು."

"ನೀರಿಲ್ಲದ ಸೀಮ್ಯಾಗೆ ಇರೋರು ನಾವು ಬಾಣಂತೇರಿಗೆ ನೀರು ಕುಡಿಸ್ತೀವಿ. ನೀವು ಹೊಳೆ ದಂಡ್ಯಾಗೆ ಕುಂತು ಲೋಟ ಎಣಿಸ್ತೀರಿ."

"ನೀನು ಸುಮ್ಕಿರು. ನಿಮ್ಮ ಕುರಿ ಹಟ್ಟಿ ಅಲ್ಲ ಇದು."

"ಕುರಿನೂ ಮರಿ ಹಾಕಿದ ಮೇಲೆ ನೀರು ಕುಡೀತಾವೆ. ನಿನ್ನ ಕೇಳ್ಕಂಡು ಕುಡಿಯಂಗಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಆ ಒಂದು ಗಳಿಗೆ ಅಜ್ಜಿ ಇಷ್ಟವಾದಳು. ಆದರೆ ತಾಯಿ ಪಕ್ಕದ ಹಾಸಿಗೆಯವರಿಗೆ ಹೇಳುತ್ತಿದ್ದ ಇನ್ನೊಂದು ಮಾತು ಕಿವಿಗೆ ಬಿತ್ತು: "ನಮ್ಮವ್ವ ಕಿರುನಾಲಿಗೆ ಎತ್ತಾಕೆ ಹೆಸರುವಾಸಿ. ಸುತ್ತ ಹತ್ತು ಹಳ್ಳಿಯೋರು ಬರ್ತಾರೆ."

ಗಂಟಲ ಒಳಗೆ ನಡುವಿನಲ್ಲಿ ಜೋತಾಡುವ ಆ ತುಣುಕೇ ಕಿರುನಾಲಿಗೆ. ಗಂಟಲು ನೋವು ಬಂದರೆ ಅದು ಬಿದ್ದಿದೆ ಎನ್ನುತ್ತಾರೆ. ಬೆರಳಿಗೆ ಉಪ್ಪು, ಮೆಣಸಿನ ಪುಡಿ ಹಚ್ಚಿ ಒಳಗೆ ಹಾಕಿ ಅದನ್ನು ಮೇಲೆ ಒತ್ತುತ್ತಾರೆ, ನೆತ್ತಿಯ ಕೂದಲು ಹಿಡಿದು ಜಗ್ಗುತ್ತಾರೆ. ಚಿಕ್ಕವಳಿದ್ದಾಗ ನನಗೂ ಮಾಡಿದ್ದರು. ಇಬ್ಬರು ನನ್ನ ಕೈ ಹಿಡಿದಿದ್ದರು, ಮೂರನೆಯವರ ಬೆರಳು ಗಂಟಲಿನಲ್ಲಿತ್ತು. ವಾಂತಿಯ ಜೊತೆ ರಕ್ತದ ಎಳೆ ಬಂದದ್ದು ಇಂದಿಗೂ ನೆನಪಿದೆ. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಬಿಎಸ್ಸಿ ನರ್ಸಿಂಗ್ ಓದಿದ್ದು ಇಂಥ ಬೆರಳುಗಳನ್ನು ಗಂಟಲಿನಿಂದ ಹೊರಗಿಡುವುದಕ್ಕೇ ಎಂಬ ಭಾವನೆ ನನ್ನಲ್ಲಿ ಗಟ್ಟಿಯಾಗಿತ್ತು.

"ಅಜ್ಜಿ, ಇಲ್ಲಿ ಅದೆಲ್ಲ ನಡೆಯಲ್ಲ" ಎಂದೆ.

"ನಾನೇನಂದೆ ಯವ್ವ ಈಗ?" ಎಂದು ಅಜ್ಜಿ ಕೂಸನ್ನು ಎತ್ತಿಕೊಂಡು ಹೊರಗೆ ಹೋದಳು.

ಸಂಜೆ ಚಾರ್ಟ್ ಕೂಡಿಸಿದೆ. ಬಾಯಿಂದ ಹೋದದ್ದು ಸಾವಿರದ ನಾನೂರು ಎಂಎಲ್. ಹಿಂದಿನ ದಿನ ಮುನ್ನೂರು ಇದ್ದದ್ದು. ನೋವಿನ ಔಷಧಿಯ ಹೊತ್ತು ಬದಲಾಯಿಸಿದ್ದಕ್ಕೆ ಹೀಗಾಯಿತು ಎಂದು ನಾನು ಇನ್‌ಚಾರ್ಜ್ ಸಿಸ್ಟರಿಗೆ ಹೇಳಿಕೊಂಡೆ. ಡಾಕ್ಟರು ಬಂದವರು ಚಾರ್ಟ್ ನೋಡಿ, "ಪರವಾಗಿಲ್ಲವೇ, ಚೆನ್ನಾಗಿ ನೋಡ್ಕೊಂಡಿದೀರಿ" ಎಂದು ಡ್ರಿಪ್ ನಿಲ್ಲಿಸಿದರು. ಇಂಜೆಕ್ಷನ್‌ಗೆಂದು ಕೈಯ ಸೂಜಿ ಮಾತ್ರ ಉಳಿಯಿತು. ಅಂದು ನಾನು ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೋಗುವಾಗ ಎಷ್ಟು ಬೀಗಿದ್ದೆ ಎಂದು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಬುಧವಾರ ಬೆಳಗ್ಗೆ ಜ್ವರ ನೂರು. ರೌಂಡ್ಸಿಗೆ ಬಂದ ಡಾಕ್ಟರು ಬಾಯಿ ತೆಗಿ ಎಂದರು. ಅವಳು ಸ್ವಲ್ಪ ತೆಗೆದಳು. ಇನ್ನೂ ಎಂದರು. ತಲೆ ಅಲ್ಲಾಡಿಸಿದಳು. "ನೋವಿರುತ್ತೆ, ಇರ್ಲಿ. ಕುಡೀತಿದಾಳಲ್ಲ. ನಾಳೆ ಮನೆಗೆ ಹೋಗ್ಲಿ" ಎಂದು ಬರೆದು, ನ್ಯಾಮತಿಯ ತಮ್ಮ ಕ್ಲಿನಿಕ್ಕಿಗೆ ಹೊರಟರು. ತಾಯಿಯ ಮುಖ ಅರಳಿತು. ಬಾಣಂತಿ ಗೋಡೆಯ ಕಡೆ ತಿರುಗಿ ಮಲಗಿದಳು.

ಹನ್ನೊಂದರ ಸುಮಾರಿಗೆ ನಾನು ಇಂಜೆಕ್ಷನ್ ಟ್ರೇ ಹಿಡಿದು ಬಂದಾಗ ಅಜ್ಜಿ ಮೊಮ್ಮಗಳನ್ನು ಕಿಟಕಿಯ ಹತ್ತಿರ ಬಿಸಿಲಿಗೆ ಮುಖ ಮಾಡಿಸಿ ಕೂರಿಸಿದ್ದಳು. ಒಂದು ಕೈ ಗದ್ದದ ಮೇಲೆ, ಇನ್ನೊಂದು ಕೈಯ ಬೆರಳು ತುಟಿಯ ಹತ್ತಿರ.

ನನಗೆ ಸಿಟ್ಟು ನೆತ್ತಿಗೇರಿತು. "ಅಜ್ಜಿ, ಕೈ ತೆಗೀರಿ. ಏನ್ ಹೇಳಿದ್ದೆ ನಿನ್ನೆ?"

"ನಾನು ಮುಟ್ಟಿಲ್ಲ ಯವ್ವ. ತುಟಿ ಸರಿಸಿ ನೋಡಿದೆ, ಅಷ್ಟೇ."

"ಕೈ ತೊಳ್ಕೊಂಡಿದೀರಾ? ಕುರಿ ಮುಟ್ಟಿದ ಕೈ, ಬಸ್ಸಿನ ಕಂಬಿ ಹಿಡಿದ ಕೈ. ಆ ಹುಣ್ಣಿಗೆ ಇನ್ನೊಂದು ರೋಗ ಸೇರಿಸ್ತೀರಾ?"

ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆದರೂ ಹೇಳಿದಳು: "ಇದರ ಕಿರುನಾಲಿಗೆ ನಡುವಿಗಿಲ್ಲ. ಅತ್ತಾಗೆ ಸರದೈತೆ. ಬಿದ್ದಿದ್ರೆ ನಾನು ಎತ್ತಬೋದು. ಸರದಿದ್ರೆ ನನ್ನ ಕೈಲಿ ಆಗಾಕಿಲ್ಲ. ಡಾಕ್ಟ್ರಿಗೆ ಹೇಳು."

"ಡಾಕ್ಟರು ನೋಡೇ ಹೋಗಿರೋದು. ನೀವು ಹೊರಗೆ ಕೂತ್ಕೊಳ್ರಿ."

ಅವಳು ಹೋದಳು. ನಾನು ಇಂಜೆಕ್ಷನ್ ಕೊಟ್ಟೆ. ಪಕ್ಕದ ಹಾಸಿಗೆಯವರ ಎದುರಿಗೆ ನಾನು ಗೆದ್ದಂತಿತ್ತು.

ಮಧ್ಯಾಹ್ನ, ಮರುದಿನ ಮನೆಗೆ ಹೋಗುವವಳೆಂದು ಡಿಸ್ಚಾರ್ಜ್ ಕಾಗದ ತಯಾರು ಮಾಡುತ್ತಿದ್ದೆ. ಅದರಲ್ಲಿ ಮೂತ್ರದ ಬಗ್ಗೆ ಒಂದು ಸಾಲು ತುಂಬಬೇಕು. ಹೋಗಿ ಕೇಳಿದೆ: "ನಿನ್ನೆ ಸಂಜೆಯಿಂದ ಎಷ್ಟು ಸಲ ಹೋಗಿದ್ದೆ?"

ಅವಳು ಒಂದು ಬೆರಳು ತೋರಿಸಿದಳು.

"ಬೆಳಗ್ಗೆಯಿಂದ ಒಂದಾ?"

ತಲೆ ಅಲ್ಲಾಡಿಸಿದಳು. ನಿನ್ನೆ ಸಂಜೆಯಿಂದ ಒಟ್ಟು ಒಂದೇ ಸಲ.

ಸಾವಿರದ ನಾನೂರು ಎಂಎಲ್ ಒಳಗೆ ಹೋದ ದೇಹದಿಂದ ಒಂದೇ ಸಲ. ಆಗಲೇ ಇನ್ನೊಂದು ಹೊಳೆಯಿತು. ಬೆಳಗಿನಿಂದ ಇವಳು ನನ್ನೊಂದಿಗೆ ಬಾಯಿ ಬಿಟ್ಟು ಒಂದು ಮಾತೂ ಆಡಿಲ್ಲ. ಬೆರಳು, ತಲೆ, ಕಣ್ಣು, ಇಷ್ಟರಲ್ಲೇ ಉತ್ತರ.

"ನಿನ್ನ ಹೆಸರು ಹೇಳು" ಎಂದೆ. ಕೇಳಬಾರದ್ದನ್ನು ಕೇಳಿದಂತೆ ನೋಡಿದಳು. ಆಮೇಲೆ ಹೇಳಿದಳು. ಬಾಯಿ ತುಂಬ ಬಿಸಿ ಅನ್ನ ಇಟ್ಟುಕೊಂಡವರು ಮಾತನಾಡಿದ ಹಾಗಿತ್ತು. ಹೇಳುವಾಗ ತುಟಿಯ ಅಂಚಿನಿಂದ ಉಗುಳು ಇಳಿಯಿತು, ತಕ್ಷಣ ಟವೆಲ್ಲಿನಿಂದ ಒರೆಸಿಕೊಂಡಳು. ಟವೆಲ್ ಕೈಗೆ ತೆಗೆದುಕೊಂಡೆ. ಒದ್ದೆಯಾಗಿ ಭಾರವಾಗಿತ್ತು.

ಸ್ಕಾರ್ಫಿನ ಗಂಟು ಬಿಚ್ಚಿದೆ. ಮೂರು ದಿನದಲ್ಲಿ ಮೊದಲ ಸಲ. ಬಲಗಡೆ ದವಡೆಯ ಕೋನದ ಕೆಳಗೆ ಊತ, ಮುಟ್ಟಿದರೆ ಕೂಗಿಕೊಳ್ಳುವಷ್ಟು ನೋವು. ಸೋಮವಾರವೇ ಅವಳು ನೋವು ಕಿವಿಗೆ ಚುಚ್ಚುತ್ತದೆ ಎಂದಿದ್ದಳು. ಯಾವ ಕಿವಿ ಎಂದು ನಾನು ಕೇಳಿರಲಿಲ್ಲ. ಬಾಯಿ ತೆಗೆಸಿದೆ. ಆರೋಗ್ಯವಾಗಿರುವವರ ಬಾಯಿಗೆ ಮೂರು ಬೆರಳು ಅಡ್ಡಲಾಗಿ ಹಿಡಿಸುತ್ತವೆ. ಇವಳಿಗೆ ಎರಡೂ ಹಿಡಿಸಲಿಲ್ಲ. ಆ ಸಂದಿನಲ್ಲೇ ಟಾರ್ಚ್ ಬಿಟ್ಟು, ನಾಲಿಗೆಯನ್ನು ಮೆಲ್ಲಗೆ ಒತ್ತಿ ನೋಡಿದೆ. ಬಲಗಡೆ ಟಾನ್ಸಿಲ್‌ನ ಮೇಲ್ಭಾಗ ಚೆಂಡಿನಂತೆ ಉಬ್ಬಿ ಒಳಕ್ಕೆ ಬಂದಿತ್ತು. ಕಿರುನಾಲಿಗೆ ಎಡಕ್ಕೆ ತಳ್ಳಿಸಿಕೊಂಡು ವಾಲಿತ್ತು.

ನಡುವಿಗಿರಲಿಲ್ಲ.

ಪುಸ್ತಕದಲ್ಲಿ ಇದರ ಚಿತ್ರವೇ ಇತ್ತು. ಟಾನ್ಸಿಲ್‌ನ ಹಿಂದೆ ಕೀವು ಕಟ್ಟಿದರೆ ಕಿರುನಾಲಿಗೆ ಆಚೆ ಬದಿಗೆ ಸರಿಯುತ್ತದೆ, ಬಾಯಿ ಬಿಗಿಯುತ್ತದೆ, ದನಿ ಬದಲಾಗುತ್ತದೆ, ಉಗುಳು ಸುರಿಯುತ್ತದೆ. ಬಿಟ್ಟರೆ ಉಸಿರಿನ ದಾರಿಗೆ ಅಡ್ಡ ಬರುತ್ತದೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಮೂರು ಗಂಟೆ ಮೊದಲು ಅಕ್ಷರ ಬಾರದ ಅಜ್ಜಿ ಕಿಟಕಿಯ ಬಿಸಿಲಿನಲ್ಲಿ ನೋಡಿ ಅದನ್ನೇ ಹೇಳಿದಾಗ ನಾನು ಅವಳ ಕೈ ನೋಡಿದೆ, ಮಾತು ಕೇಳಲಿಲ್ಲ.

ತಾಯಿಯ ಕಡೆ ತಿರುಗಿದೆ. "ನಿಜ ಹೇಳ್ರಿ. ನಿನ್ನೆಯಿಂದ ಇವಳು ಎಷ್ಟು ಕುಡಿದಿದಾಳೆ?"

"ಹೇಳಿದ್ನಲ್ಲ ಸಿಸ್ಟರ್, ಗಂಟೆಗೊಂದು ಲೋಟ…"

"ಬಾಯಿ ತೆಗೆಯಾಕೇ ಬರ್ತಿಲ್ಲ, ಲೋಟ ಎಲ್ಲಿಂದ ಕುಡೀತಾಳೆ?"

ಅವರು ಮಗಳನ್ನು ನೋಡಿದರು. ಮಗಳು ಕಣ್ಣು ಮುಚ್ಚಿದಳು.

"ನೀವು ಕೊಟ್ಟಿರಲ್ಲ, ಎಂಟು ಚಮಚ, ಅಷ್ಟೇ" ಎಂದರು ತಾಯಿ. "ಆಮೇಲೆ ಬಾಯಾಗೆ ಹಾಕ್ಕಂಡು ಉಗೀತಿದ್ಳು. ನಾನು ಬಚ್ಚಲಿಗೆ ಚೆಲ್ತಿದ್ದೆ. ಮೊನ್ನೆ ಆ ಮೂಲೆ ಹಾಸಿಗೆ ಮುದುಕ ಏನೂ ತಿಂತಿಲ್ಲ ಅಂದಿದ್ದಕ್ಕೆ ದಾವಣಗೆರೆಗೆ ಬರೆದುಕೊಟ್ರಿ. ದೊಡ್ಡಾಸ್ಪತ್ರೆಗೆ ಹೋದ್ರೆ ಕೂಸನ್ನ ಒಳಗೆ ಬಿಡಂಗಿಲ್ಲಂತೆ. ಕೂಸು ಬಿಟ್ಟು ಹೋಗಲ್ಲ ಅಂತ ಇವಳು ಅಳ್ತಿದ್ಳು. ಕುಡಿದ್ಳು ಅಂದೆ. ಏನ್ಮಾಡ್ಲಿ?"

ಬೈಯಬೇಕೆಂದುಕೊಂಡೆ. ಅವರು ಸುಳ್ಳು ಹೇಳಿದ್ದರು. ಆ ಸುಳ್ಳಿಗೆ ಎಂಎಲ್ ಹಚ್ಚಿ ಸಹಿ ಹಾಕಿದವಳು ನಾನು.

ನ್ಯಾಮತಿಗೆ ಫೋನ್ ಮಾಡಿದೆ. ಡಾಕ್ಟರ ಹಿಂದೆ ರೋಗಿಗಳ ಗದ್ದಲ ಕೇಳುತ್ತಿತ್ತು.

"ಸರ್, ಐದನೇ ಬೆಡ್ಡಿನ ಬಾಣಂತಿ. ಬಾಯಿ ಎರಡು ಬೆರಳೂ ತೆಗೆಯೋಕಾಗ್ತಿಲ್ಲ. ಉಗುಳು ಸುರೀತಿದೆ. ಬಲಗಡೆ ಉಬ್ಬಿ ಕಿರುನಾಲಿಗೆ ಎಡಕ್ಕೆ ಹೋಗಿದೆ. ಜ್ವರ ಮತ್ತೆ ನೂರ ಎರಡು."

"ಬೆಳಗ್ಗೆ ನೋಡಿದೀನಲ್ಲಮ್ಮ. ಬಾಯಿ ಪೂರ್ತಿ ತೆಗೀಲಿಲ್ಲ, ನಿಜ. ಆದ್ರೆ ಕೀವು ಕಟ್ಟಿದ್ರೆ ಹದಿನಾಲ್ಕು ನೂರು ಎಂಎಲ್ ನುಂಗ್ತಾ ಇದ್ಳಾ? ಇಂಜೆಕ್ಷನ್ ನಡೀಲಿ. ಇಲ್ಲಿ ಇನ್ನೂ ಮೂವತ್ತು ಜನ ಇದಾರೆ. ಸಂಜೆ ಬಂದು ನೋಡ್ತೀನಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಚಾರ್ಟ್ ನಂಬಿದರೆ ಯಾರಾದರೂ ಅದನ್ನೇ ಹೇಳುತ್ತಿದ್ದರು. "ಆಯ್ತು ಸರ್" ಎಂದು ಫೋನ್ ಇಡಬಹುದಿತ್ತು. ಸಂಜೆ ಅವರೇ ಬಂದು ಕಂಡುಹಿಡಿದಿದ್ದರೆ ಯಾರೂ ಚಾರ್ಟಿನ ಮಾತು ಎತ್ತುತ್ತಿರಲಿಲ್ಲ, ಮಧ್ಯಾಹ್ನದ ಮೇಲೆ ಜೋರಾಯಿತು ಎಂದು ಎಲ್ಲರೂ ಒಪ್ಪುತ್ತಿದ್ದರು. ನಮ್ಮಪ್ಪ ಚನ್ನಗಿರಿಯ ಮಂಡಿಯಲ್ಲಿ ಮೂಟೆ ಹೊರುವವನು. ಎಲ್ಲಿ ಸಹಿ ಕೇಳಿದರೂ ಹೆಬ್ಬೆಟ್ಟು ಒತ್ತುತ್ತಾನೆ. ಯಾವುದಾದರೂ ಅರ್ಜಿ ಬಂದರೆ, "ನಮ್ಮ ಹುಡುಗಿ ಸಹಿ ಹಾಕ್ತಾಳೆ ತಡೀರಿ" ಎನ್ನುತ್ತಾನೆ, ಬೇಕಾದರೂ ಬೇಡವಾದರೂ. ಆ ಚಾರ್ಟಿನ ಪ್ರತಿ ಸಾಲಿನ ಕೊನೆಗೂ ಅದೇ ಸಹಿ ಇತ್ತು, ದುಂಡಗೆ, ಪೂರ್ತಿ ಹೆಸರು.

"ಸರ್, ಆ ಹದಿನಾಲ್ಕು ನೂರು ಸುಳ್ಳು" ಎಂದೆ.

"ಏನು?"

"ನಾನು ನೋಡಿ ಬರೆದದ್ದಲ್ಲ. ಅವರು ಹೇಳಿದ್ದನ್ನ ಬರೆದೆ. ನಿನ್ನೆಯಿಂದ ಇಳಿದಿರೋದು ಎಂಟು ಚಮಚ. ಮೂತ್ರ ಒಂದೇ ಸಲ ಹೋಗಿದೆ. ನೀವು ಈಗಲೇ ಬರಬೇಕು ಸರ್."

"ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಬಾಯಿಗೆ ಏನೂ ಕೊಡಬೇಡಿ. ಡ್ರಿಪ್ ಹಚ್ಚಿ. ಉಸಿರಿನ ಸದ್ದು ಬದಲಾದ್ರೆ ಅಲ್ಲಿಂದಲೇ ಹೊರಡಿ, ನನಗೆ ಕಾಯಬೇಡಿ" ಎಂದರು.

ಅರ್ಧ ಗಂಟೆಯಲ್ಲಿ ಬಂದರು. ಟಾರ್ಚ್ ಬಿಟ್ಟು ಒಂದೇ ಸಲ ನೋಡಿ ದಾವಣಗೆರೆಗೆ ಚೀಟಿ ಬರೆದರು. ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ.

ಆಮೇಲಿನ ಗಲಾಟೆ ಬೇರೆ. ಬಾಣಂತಿ ಮಂಚದ ಕಂಬಿ ಹಿಡಿದುಕೊಂಡಳು. ಮಾತು ಬರದಿದ್ದರೂ ಬೆರಳು ಕೂಸಿನ ಕಡೆ. ತಾಯಿ ಕಣ್ಣೀರು ಹಾಕುತ್ತ, ಒಂದು ರಾತ್ರಿ ನೋಡೋಣ ಎಂದರು. ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲರೂ ಹಂಗೇ ಬರೆಯೋದು ಕಣೆ. ರಾತ್ರಿ ಪಾಳಿಯೋಳೂ ಹಂಗೇ ಬರೆದಿದಾಳೆ. ನೀನು ಬಾಯಿ ಬಿಟ್ಟು ಎಲ್ಲರನ್ನೂ ಸಿಗಿಸಿದೆ" ಎಂದರು. ನಾನು ಅಜ್ಜಿಯನ್ನು ಹುಡುಕಿಕೊಂಡು ನಡೆದೆ.

ಹೊರಗೆ ಬೆಂಚಿನ ಮೇಲೆ ಅಜ್ಜಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹೋಗಿ ಹೇಳಿದೆ: "ಅಜ್ಜಿ, ದಾವಣಗೆರೆಗೆ ಹೋಗಬೇಕು. ಕೂಸನ್ನೂ ಕರ್ಕೊಂಡು ಬರ್ರಿ. ನಾನೂ ಬರ್ತೀನಿ. ಕೂಸನ್ನ ಒಳಗೆ ಬಿಡಲಿಲ್ಲ ಅಂದ್ರೆ ನಾನು ಮಾತಾಡ್ತೀನಿ."

ಅಜ್ಜಿ ಎದ್ದು ಒಳಗೆ ಹೋಗಿ ಮೊಮ್ಮಗಳ ಕೈಯನ್ನು ಕಂಬಿಯಿಂದ ಒಂದೊಂದೇ ಬೆರಳು ಬಿಡಿಸಿದಳು. "ಕೂಸು ನಿನ್ನ ಜೊತೀಗೇ ಬರ್ತೈತೆ. ಏಳು" ಎಂದಳು. ಅವಳು ಎದ್ದಳು.

ಆಂಬುಲೆನ್ಸಿನಲ್ಲಿ ತಾಯಿ ಮುಂದೆ ಡ್ರೈವರನ ಪಕ್ಕ ಕೂತರು. ಬಾಣಂತಿಯನ್ನು ಹಿಂದೆ ನೆಟ್ಟಗೆ, ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಿದೆ. ಕೈಯಲ್ಲಿ ಉಗುಳಿಗೆ ಒಂದು ಬಟ್ಟಲು, ಪಕ್ಕದಲ್ಲಿ ಕಫ ಎಳೆಯುವ ಯಂತ್ರ. ನನ್ನ ಕಿವಿಯೆಲ್ಲ ಅವಳ ಉಸಿರಿನ ಮೇಲೆ. ಸೀಟಿಯಂಥ ಸದ್ದು ಬಂದರೆ ಮುಗಿಯಿತು. ದಾರಿಯಲ್ಲಿ ಎರಡು ಕಡೆ ರಸ್ತೆಗೆ ಭತ್ತ ಹರಡಿದ್ದರು. ಗಾಡಿ ನಿಧಾನವಾದಾಗಲೆಲ್ಲ ನಾನು ಅವಳ ಉಸಿರು ಎಣಿಸುತ್ತಿದ್ದೆ. ಕೂಸು ಹಸಿದು ಅತ್ತಿತು. ಅವಳು ಬಟ್ಟಲು ನನ್ನ ಕೈಗೆ ಕೊಟ್ಟು ಎರಡೂ ಕೈ ಚಾಚಿದಳು. ಡ್ರಿಪ್ಪಿನ ಕೈ ನಾನು ಹಿಡಿದುಕೊಂಡೆ, ಅಜ್ಜಿ ಕೂಸನ್ನು ಎದೆಗೆ ಕೊಟ್ಟಳು. ಎಷ್ಟು ಹಾಲು ಬಂತೋ ಗೊತ್ತಿಲ್ಲ. ಅಳು ನಿಂತಿತು.

ದಾವಣಗೆರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು ಒಬ್ಬ ಹೆಂಗಸು. ಕೂಸನ್ನು ಬಿಡುತ್ತಾರೋ ಇಲ್ಲವೋ ಎಂಬ ಜಗಳವೇ ಆಗಲಿಲ್ಲ. "ಹಾಲು ಕುಡಿಯೋ ಕೂಸು ಅಲ್ವಾ, ಅಜ್ಜಿ ಇಲ್ಲೇ ಹೊರಗೆ ಇಟ್ಕೊಂಡಿರ್ಲಿ" ಎಂದರು ಅಷ್ಟೇ. ಯಾವ ಭಯಕ್ಕೆ ಒಂದಿಡೀ ದಿನ ಗಂಜಿ ಬಚ್ಚಲಿಗೆ ಹೋಯಿತೋ ಆ ಭಯ ಒಂದು ಮಾತಿಗೆ ಮುಗಿಯಿತು. ಮೂರು ದಿನದಲ್ಲಿ ಒಂದು ಸಲ ಕೇಳಿದ್ದರೆ ನಾನೇ ಫೋನ್ ಮಾಡಿ ವಿಚಾರಿಸಿ ಹೇಳುತ್ತಿದ್ದೆ. ಅವರು ಕೇಳಲಿಲ್ಲ. ಕೇಳುವ ಹಾಗೆ ನಾನು ನಡೆದುಕೊಂಡಿರಲೂ ಇಲ್ಲ.

ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಉಬ್ಬಿದ ಜಾಗಕ್ಕೆ ಸೂಜಿ ಹಾಕಿ ಎಳೆದರು. ಸಿರಿಂಜಿನಲ್ಲಿ ಹಳದಿ ಕೀವು ಏರಿತು. ಆಮೇಲೆ ಅಲ್ಲೇ ಸಣ್ಣದಾಗಿ ಕೊಯ್ದು ಉಳಿದದ್ದನ್ನು ತೆಗೆದರು. ನಾನು ಅವಳ ತಲೆ ಹಿಡಿದು ನಿಂತಿದ್ದೆ.

"ಸರಿಯಾದ ಹೊತ್ತಿಗೆ ತಂದಿದೀರಿ. ಯಾರು ಗುರುತಿಸಿದ್ದು?" ಎಂದು ಆ ಡಾಕ್ಟರು ಕೇಳಿದರು.

ಹೊರಗೆ ಅಜ್ಜಿ ಇದ್ದಳು, ಬಾಗಿಲು ತೆರೆದೇ ಇತ್ತು. "ಹೊನ್ನಾಳಿ ಡಾಕ್ಟರು ಕಳಿಸಿದ್ರು ಮೇಡಂ" ಎಂದೆ. ಇದನ್ನೂ ಬರೆಯಬೇಕು, ಅದಕ್ಕೇ ಬರೆದಿದ್ದೇನೆ.

ಸ್ವಲ್ಪ ಹೊತ್ತಿಗೆ ಅವಳ ಬಾಯಿ ಸಡಿಲ ಬಿಟ್ಟಿತು. ಕುಡಿಯಲು ಕೊಡಬಹುದು ಎಂದ ಮೇಲೆ ತಾಯಿ ಫ್ಲಾಸ್ಕಿಗೆ ಕೈ ಹಾಕಿದರು. ಅಜ್ಜಿ ಅಷ್ಟರಲ್ಲಿ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದಾಗಿತ್ತು. ನಾನು ಔಷಧಿಯ ಅಳತೆ ಮುಚ್ಚಳಕ್ಕೆ ಸುರಿದು ಕೊಟ್ಟೆ. ಗಂಟಲು ಮೇಲೆದ್ದು ಇಳಿಯುವುದನ್ನು ಕಣ್ಣಾರೆ ನೋಡಿದೆ. ಹತ್ತು ಎಂಎಲ್. ಮತ್ತೆ ಹತ್ತು. ಮುಖ ಕಿವಿಚಿದಳು, ನುಂಗಿದಳು. "ಇನ್ನೊಂದಿಷ್ಟು" ಎಂದಳು, ತನ್ನ ದನಿಯಲ್ಲಿ. ಇನ್ನೂ ಹತ್ತು ಕೊಟ್ಟೆ. ಚಾರ್ಟ್ ಇರಲಿಲ್ಲ. ನನ್ನ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ: ಮೂವತ್ತು.

ಅವಳು ಮೂರು ದಿನ ಅಲ್ಲಿದ್ದು ಮನೆಗೆ ಹೋದಳು. ನಮ್ಮ ಡಾಕ್ಟರು ನನಗೆ ಹೇಳಿದ್ದು ಒಂದೇ ಮಾತು: "ಇನ್ಮೇಲೆ ನೋಡಿ ಬರೀರಿ." ಹೇಳುವುದು ಸುಲಭ. ಹನ್ನೆರಡು ಹಾಸಿಗೆ, ಇಬ್ಬರು ನರ್ಸು, ಅದು ಹಾಗೇ ಇದೆ. ಎಲ್ಲರದನ್ನೂ ನೋಡಲಾಗುವುದಿಲ್ಲ. ನೋಡದ್ದಕ್ಕೆ "ಜೊತೆಯವರು ಹೇಳಿದ್ದು" ಎಂದು ಪಕ್ಕದಲ್ಲಿ ಬರೆಯುತ್ತೇನೆ. ಇನ್‌ಚಾರ್ಜ್ ಸಿಸ್ಟರಿಗೆ ಅದು ಕಣ್ಣಿಗೆ ಚುಚ್ಚುತ್ತದೆ. ಚುಚ್ಚಲಿ. ಬೆರಳು ಹಾಕಿ ಕಿರುನಾಲಿಗೆ ಎತ್ತುವುದನ್ನು ಈಗಲೂ ತಡೆಯುತ್ತೇನೆ, ಜಗಳವಾಡಿಯಾದರೂ ತಡೆಯುತ್ತೇನೆ. ಅಂದು ಅಜ್ಜಿಯ ಬೆರಳು ಆ ಉಬ್ಬಿಗೆ ತಾಗಿದ್ದರೆ ಏನಾಗುತ್ತಿತ್ತೋ. ಆದರೆ ಅವಳು ಬೆರಳು ಹಾಕಿರಲಿಲ್ಲ. ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ಅವಳು ಮೂರು ಗಂಟೆ ಮೊದಲೇ ಒಪ್ಪಿಕೊಂಡಿದ್ದಳು. ನನಗೆ ಅಷ್ಟು ಹೊತ್ತು ಬೇಕಾಯಿತು.

ಎರಡು ವಾರದ ಮೇಲೆ ಅಜ್ಜಿ, ತಾಯಿ, ಬಾಣಂತಿ ಮೂವರೂ ಕೂಸಿನೊಂದಿಗೆ ತೋರಿಸಲು ಬಂದರು. ನಾನು ಡೆಸ್ಕಿನಲ್ಲಿ ಇನ್ಯಾರದೋ ಫೈಲ್ ಬರೆಯುತ್ತಿದ್ದೆ. ಅಜ್ಜಿಗೆ ಒಂದು ಮಾತು ಹೇಳಬೇಕೆಂದು ಎರಡು ವಾರದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ನಾನು ತಲೆ ಎತ್ತುವ ಮೊದಲೇ ಅವಳು ಡೆಸ್ಕಿನ ಮೇಲೆ ಎರಡೂ ಅಂಗೈ ಚಾಚಿದಳು. ನೀರು ತೊಟ್ಟಿಕ್ಕುತ್ತಿತ್ತು, ಫೈಲಿನ ಮೂಲೆ ಒದ್ದೆಯಾಯಿತು.

"ತೊಳ್ಕಂಡು ಬಂದೀನಿ, ಸಾಬೂನು ಹಚ್ಚಿ" ಎಂದಳು. "ಈಗ ಹೇಳಿದ್ರೆ ಕೇಳ್ತೀಯೇನು?"

"ಹೇಳ್ರಿ ಅಜ್ಜಿ" ಎಂದೆ. ಇಟ್ಟುಕೊಂಡಿದ್ದ ಮಾತು ಬೇರೆಯೇ ಇತ್ತು. ಅದು ಬರಲಿಲ್ಲ.

ಅವಳು ಹಿಂದೆ ನಿಂತಿದ್ದ ಮಗಳ ಕಡೆ ಗದ್ದ ತೋರಿಸಿದಳು. "ಮನೀಗೆ ಹೋದ ಮೇಲೆ ಇವಳು ಮತ್ತೆ ನೀರು ಎರಡು ಲೋಟಕ್ಕೆ ತಂದಾಳೆ. ಕೂಸಿನ ಹಾಲು ಮತ್ತೆ ಕಮ್ಮಿ ಆಗೈತೆ. ನಾನು ಹೇಳಿದ್ರೆ ಕುರಿ ಹಟ್ಟಿ ಮಾತು ಅಂತಾಳೆ. ನೀನು ಓದಿದಾಕಿ. ಹೇಳು."

ತಾಯಿ ನೆಲ ನೋಡಿದರು. ನಾನು ಪೆನ್ನು ಕೆಳಗಿಟ್ಟು, ಮೂರು ಕುರ್ಚಿ ಎಳೆದು, ಅಜ್ಜಿಯನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ.